ರಸೀದಿ ಪುಸ್ತಕ ಎರಡಾದ ಮೇಲೆ: ಗಿರಣಿಯ ಬದಲಿ ಕಾರ್ಮಿಕ ಪಕ್ಷದ ಅಧ್ಯಕ್ಷನಾದ ಪ್ರಕರಣ

ಈ ಪ್ರಕರಣ ಕಲ್ಪಿತ. ವ್ಯಕ್ತಿ, ಗಿರಣಿ, ಸಂಘ, ಪಕ್ಷ, ಅವುಗಳೊಳಗಿನ ಲೆಕ್ಕ ಎಲ್ಲವೂ ಕಲಿಕೆಗಾಗಿ ಹೆಣೆದವು. ಊರು, ಕಾನೂನು, ಚರಿತ್ರೆ ಮಾತ್ರ ಇದ್ದದ್ದು ಇದ್ದ ಹಾಗೆ. ಮುಖ್ಯ ವ್ಯಕ್ತಿಯನ್ನು ಇಲ್ಲಿ 'ಕಾರ್ಯದರ್ಶಿ' ಎಂದು ಕರೆದಿದೆ. ಕೊನೆಗೆ ಅವರು ಆ ಹುದ್ದೆ ಬಿಟ್ಟರೂ ಹಮಾಲರ ಬಾಯಲ್ಲಿ ಅದೇ ಹೆಸರು ಉಳಿದುಕೊಂಡಿತು.

ಊರು ಮತ್ತು ಬಾವುಟ

ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಕರೆಯುತ್ತಿದ್ದ ಕಾಲದಲ್ಲಿ ಊರಿನ ಗಡಿಯಾರ ಎಂದರೆ ಗಿರಣಿಯ ಕೂಗು. ಮೂರು ಪಾಳಿ, ಮೂರು ಕೂಗು. ಆ ಕಾಲದಲ್ಲಿ ಇಲ್ಲಿ ಕಾರ್ಮಿಕರ ಪಕ್ಷ ಅಂದರೆ ಕುಡುಗೋಲು-ತೆನೆ. ಸಿಪಿಐನ ಪಂಪಾಪತಿ 1978, 1983, 1985ರಲ್ಲಿ ಮೂರು ಸಲ ಇಲ್ಲಿಂದಲೇ ಶಾಸಕರಾದರು. ಸೋಷಲಿಸ್ಟರು ಇರಲಿಲ್ಲ ಎಂದಲ್ಲ, ಅವರ ಬೇರು ಬೇರೆ ಮಣ್ಣಿನಲ್ಲಿತ್ತು. 1951ರ ಕಾಗೋಡು ಸತ್ಯಾಗ್ರಹ ಗೇಣಿದಾರರ ಹೋರಾಟ. ಅದರ ಬೆನ್ನಿಗೆ 1952ರಲ್ಲಿ ವಿಧಾನಸಭೆಗೆ ಹೋದ ಶಾಂತವೇರಿ ಗೋಪಾಲಗೌಡರು ಮಲೆನಾಡಿನವರು. ಚನ್ನಗಿರಿ ತಾಲ್ಲೂಕಿನ ಕಾರಿಗನೂರಿನ ಜೆ.ಎಚ್. ಪಟೇಲರು 1967ರಲ್ಲಿ ಲೋಕಸಭೆಗೆ ಗೆದ್ದದ್ದು ಶಿವಮೊಗ್ಗದಿಂದ. ಅದೇ ಪಟೇಲರು ಮುಖ್ಯಮಂತ್ರಿಯಾಗಿದ್ದಾಗ 1997ರಲ್ಲಿ ದಾವಣಗೆರೆ ಚಿತ್ರದುರ್ಗದಿಂದ ಬೇರೆಯಾಗಿ ಜಿಲ್ಲೆಯಾಯಿತು. ಶಿವಮೊಗ್ಗದಲ್ಲಿದ್ದ ಚನ್ನಗಿರಿ, ಹೊನ್ನಾಳಿ ಅದಕ್ಕೆ ಸೇರಿದವು. ಹೀಗೆ ಗೇಣಿದಾರರ ಸಮಾಜವಾದವೂ ಗಿರಣಿಯ ಕೆಂಬಾವುಟವೂ ಒಂದೇ ಜಿಲ್ಲೆಯೊಳಗೆ ಬಂದವು.

ಈ ಜೋಡಣೆ ಪ್ರಕರಣಕ್ಕೆ ಮುಖ್ಯ. ನಮ್ಮ ಕಾರ್ಯದರ್ಶಿ ಮುಂದೆ ಸೇರಿದ ಸೋಷಲಿಸ್ಟ್ ಪಕ್ಷವೊಂದರ ಜಿಲ್ಲಾ ಸಮಿತಿಯಲ್ಲಿ ವಕೀಲರಿದ್ದರು, ನಿವೃತ್ತ ಮೇಷ್ಟ್ರುಗಳಿದ್ದರು, ಅಡಿಕೆ-ಭತ್ತದ ರೈತರಿದ್ದರು. ಕೂಲಿಯಿಂದ ಬಂದವರು ಒಬ್ಬರೂ ಇರಲಿಲ್ಲ.

ಹಾಜರಿ ಚೀಟಿ

ಅವರು ಗಿರಣಿಗೆ ಸೇರಿದ್ದು ನೂಲು ತೆಗೆಯುವ ರಿಂಗ್ ಫ್ರೇಮ್ ವಿಭಾಗದಲ್ಲಿ ಬದಲಿ ಕಾರ್ಮಿಕರಾಗಿ. ಕಾಯಂ ಕಾರ್ಮಿಕ ರಜೆ ಹಾಕಿದ ದಿನ ಕೆಲಸ, ಇಲ್ಲದಿದ್ದರೆ ಗೇಟಿನಿಂದಲೇ ವಾಪಸ್. ಪ್ರತಿ ಪಾಳಿಯ ಮೊದಲು ಜಾಬರ್, ಅಂದರೆ ಪಾಳಿಯ ಮೇಸ್ತ್ರಿ, ಹೆಸರು ಕೂಗುವವರೆಗೆ ನಿಂತಿರಬೇಕು. ಅಂದಿನ 1947ರ ಕೈಗಾರಿಕಾ ವಿವಾದ ಕಾಯ್ದೆಯ 25-ಸಿ ಕಲಮಿನ ವಿವರಣೆಯಲ್ಲಿ ಒಂದು ಮಾತಿತ್ತು: ಬದಲಿಯವನು ಒಂದು ವರ್ಷದ ನಿರಂತರ ಸೇವೆ ಮುಗಿಸಿದರೆ ಲೇ-ಆಫ್ (ಕೆಲಸ ಕೊಡಲಾಗದೆ ತಾತ್ಕಾಲಿಕವಾಗಿ ಕೂರಿಸುವುದು) ಪರಿಹಾರದ ಮಟ್ಟಿಗೆ ಅವನನ್ನು ಬದಲಿ ಎಂದು ಎಣಿಸುವಂತಿಲ್ಲ. ನಿರಂತರ ಸೇವೆ ಅಂದರೆ 12 ತಿಂಗಳಲ್ಲಿ 240 ದಿನ ಕೆಲಸ. ಗಿರಣಿಯವರು 230 ದಾಟುವ ಹೊತ್ತಿಗೆ ಹೆಸರು ಕೂಗುವುದನ್ನೇ ನಿಲ್ಲಿಸುತ್ತಿದ್ದರು.

ಇವರು ಮಾಡಿದ್ದು ಇಷ್ಟೆ. 100 ಪುಟದ ಒಂದು ನೋಟುಬುಕ್ಕು ತಂದು, ತಮ್ಮ ಪಾಳಿಯ 38 ಬದಲಿಯವರ ಹಾಜರಿಯನ್ನು ದಿನವೂ ಬರೆದಿಟ್ಟರು. ತಾರೀಖು, ಪಾಳಿ, ಯಂತ್ರದ ನಂಬರು, ಯಾರ ಜಾಗಕ್ಕೆ ಹೋದದ್ದು. ಭಾಷಣ ಮಾಡುವ ಅಭ್ಯಾಸ ಅವರಿಗೆ ಆಗಲೂ ಇರಲಿಲ್ಲ, ಆಮೇಲೂ ಬರಲಿಲ್ಲ. ಪಕ್ಷದ ಹಿರಿಯರು ಅವರನ್ನು ಮೊದಮೊದಲು 'ಗುಮಾಸ್ತ' ಎಂದು ಹಿಂದಿನಿಂದ ಆಡಿಕೊಳ್ಳುತ್ತಿದ್ದರು.

ಗಿರಣಿ ಮುಚ್ಚಿದಾಗ ಆ ನೋಟುಬುಕ್ಕಿಗೆ ಬೆಲೆ ಬಂತು. ಸಂಘದ ಅಂದಿನ ಮುಖಂಡರು ಗೇಟಿನ ಮುಂದೆ ಪೆಂಡಾಲು ಹಾಕಿ ಧರಣಿ ಕೂತರು. ಗಿರಣಿ ಮತ್ತೆ ತೆರೆಯಬೇಕು ಎಂಬ ಒಂದೇ ಬೇಡಿಕೆ. ಅದು ತೆರೆಯುವ ಗಿರಣಿ ಅಲ್ಲ ಎಂಬುದು ವಿದ್ಯುತ್ ಸಂಪರ್ಕ ಕಡಿತವಾದ ವಾರವೇ ಗೊತ್ತಾಗಬೇಕಿತ್ತು. ಕಂಪನಿ ರೋಗಗ್ರಸ್ತ ಕಂಪನಿಗಳ ಪುನಶ್ಚೇತನ ಮಂಡಳಿಯಾದ ಬಿಐಎಫ್‌ಆರ್ ಮುಂದೆ ಹೋಗಿತ್ತು. 1985ರ ರೋಗಗ್ರಸ್ತ ಕಂಪನಿಗಳ ಕಾಯ್ದೆಯ 22ನೇ ಕಲಮು ವಸೂಲಿ ಕ್ರಮಗಳಿಗೆ ತಡೆಯಾಗಿ ನಿಂತಿತ್ತು. ಆ ತಡೆ ತೆರವಾಗಿ ಸಮಾಪನೆ (ಆಸ್ತಿ ಮಾರಿ ಬಾಕಿ ತೀರಿಸಿ ಕಂಪನಿಯನ್ನು ಮುಗಿಸುವುದು) ಶುರುವಾದರೆ, ಅಂದಿನ ಕಂಪನಿ ಕಾಯ್ದೆಯ 529-ಎ ಕಲಮಿನ ಪ್ರಕಾರ ಕಾರ್ಮಿಕರ ಬಾಕಿಗೂ ಅಡಮಾನ ಇಟ್ಟುಕೊಂಡ ಬ್ಯಾಂಕಿನ ಸಾಲಕ್ಕೂ ಸಮಾನ ಪಾಲು. ಆದರೆ ಪಾಲು ಕೇಳಲು ಬಾಕಿ ಎಷ್ಟು ಎಂದು ತೋರಿಸಬೇಕಲ್ಲ? ಆ ಲೆಕ್ಕ ಯಾರ ಬಳಿಯೂ ಇರಲಿಲ್ಲ.

ಕಾರ್ಯದರ್ಶಿ, ಆಗಿನ್ನೂ ವಿಭಾಗದ ಪ್ರತಿನಿಧಿ ಮಾತ್ರ, ಧರಣಿಯಿಂದ ಎದ್ದು ಮನೆಮನೆಗೆ ಹೊರಟರು. ಪ್ರತಿಯೊಬ್ಬರಿಂದ ಮೂರು ಕಾಗದ: ಪಿಎಫ್ ವಾರ್ಷಿಕ ಚೀಟಿ, ಕಾರ್ಮಿಕರ ವಿಮೆಯಾದ ಇಎಸ್‌ಐ ಗುರುತಿನ ಚೀಟಿ, ಕೊನೆಯ ಸಂಬಳದ ಚೀಟಿ. ಪಿಎಫ್ ಚೀಟಿಯಲ್ಲಿ ಯಾವ ವರ್ಷ ವಂತಿಗೆ ಕಟ್ಟಿದೆ ಎಂಬುದು ಗೊತ್ತಾಗುತ್ತದೆ, ಅದರಿಂದ ಸೇವೆಯ ವರ್ಷ. ಇಎಸ್‌ಐ ವಂತಿಗೆಯ ಅವಧಿ ಏಪ್ರಿಲ್-ಸೆಪ್ಟೆಂಬರ್, ಅಕ್ಟೋಬರ್-ಮಾರ್ಚ್ ಎಂದು ಅರ್ಧರ್ಧ ವರ್ಷಕ್ಕೆ ಬೀಳುವುದರಿಂದ ಬದಲಿಯವರ ಹಾಜರಿಗೆ ಅದು ಎರಡನೇ ಸಾಕ್ಷಿ. ಮೂರನೇ ಸಾಕ್ಷಿ ಅವರ ನೋಟುಬುಕ್ಕು. ಗ್ರಾಚ್ಯುಟಿಯ ಲೆಕ್ಕ 1972ರ ಕಾಯ್ದೆಯಂತೆ: ಕೊನೆಯ ತಿಂಗಳ ಸಂಬಳವನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ಸೇವೆಯ ವರ್ಷಗಳಿಂದ ಗುಣಿಸುವುದು. 1,560 ರೂಪಾಯಿ ಸಂಬಳದಲ್ಲಿ 14 ವರ್ಷ ದುಡಿದವರಿಗೆ ದಿನಕ್ಕೆ 60, ವರ್ಷಕ್ಕೆ 900, ಒಟ್ಟು 12,600 ರೂಪಾಯಿ. ಇದನ್ನು ಪ್ರತಿಯೊಬ್ಬರ ಹೆಸರಿನ ಹಾಳೆಯಲ್ಲಿ ಬರೆದು, ಅದರ ನಕಲನ್ನು ಅವರವರ ಮನೆಯಲ್ಲೇ ಬಿಟ್ಟು ಬಂದರು. ಧರಣಿಗೆ ಬರುವವರ ಸಂಖ್ಯೆ ಇಳಿಯಿತು, ಹಾಳೆ ಕೇಳಿಕೊಂಡು ಬರುವವರ ಸಂಖ್ಯೆ ಏರಿತು.

ದುಡ್ಡು ಕೈಗೆ ಬರಲು ವರ್ಷಗಳೇ ಹಿಡಿದವು, ಪೂರ್ತಿಯೂ ಬರಲಿಲ್ಲ. ಬದಲಿಯವರಲ್ಲಿ 38ಕ್ಕೆ 29 ಜನರ ಹಕ್ಕು ಒಪ್ಪಿಗೆಯಾಯಿತು. ಉಳಿದ 9 ಜನರದು ಬಿದ್ದುಹೋದದ್ದು ಹಾಜರಿ ಕಡಿಮೆಯಾಗಿ ಅಲ್ಲ. ಇಎಸ್‌ಐ ಚೀಟಿಯಲ್ಲಿ ಒಂದು ಹೆಸರು, ಮಸ್ಟರ್ ಪುಸ್ತಕದಲ್ಲಿ ಇನ್ನೊಂದು. ಅಡ್ಡಹೆಸರು, ತಂದೆಯ ಹೆಸರು ಅದಲುಬದಲು. ಆಮೇಲೆ ಕಟ್ಟಿದ ಎಲ್ಲ ಸಂಘಗಳಲ್ಲೂ ಸದಸ್ಯತ್ವ ಅರ್ಜಿಯ ಮೊದಲ ಸಾಲಿನಲ್ಲಿ 'ಕಾಗದದಲ್ಲಿ ಇರುವ ಹೆಸರು', ಎರಡನೇ ಸಾಲಿನಲ್ಲಿ 'ಕರೆಯುವ ಹೆಸರು' ಎಂದು ಅವರು ಎರಡು ಖಾನೆ ಇಡಿಸಿದ್ದು ಇದರಿಂದಲೇ.

ಗಿರಣಿ ಇಲ್ಲದ ಸಂಘ

ಮುಚ್ಚಿದ ಗಿರಣಿಯ ಸಂಘಕ್ಕೆ ಕಚೇರಿ ಇರುತ್ತದೆ, ಬಾವುಟ ಇರುತ್ತದೆ, ವಂತಿಗೆ ಇರುವುದಿಲ್ಲ. ಕೆಲಸ ಕಳೆದುಕೊಂಡವರು ಎಪಿಎಂಸಿಗೆ ಹಮಾಲಿಗೆ ಹೋದರು, ಆಟೊ ಹಿಡಿದರು, ಬೆಂಗಳೂರಿನ ಗಾರ್ಮೆಂಟ್ ಬಸ್ಸು ಹತ್ತಿದರು. ಅವರ ಮನೆಯ ಹೆಂಗಸರು ಮಂಡಕ್ಕಿ ಭಟ್ಟಿಗೆ ಸೇರಿದರು. ಕಾರ್ಯದರ್ಶಿ ಹೊಸದಾಗಿ ಹಮಾಲರು ಮತ್ತು ಭಟ್ಟಿ ಕಾರ್ಮಿಕರ ಸಂಘ ನೋಂದಾಯಿಸಿದರು. 1926ರ ಕಾರ್ಮಿಕ ಸಂಘಗಳ ಕಾಯ್ದೆಗೆ 2001ರಲ್ಲಿ ತಿದ್ದುಪಡಿ ಆದ ಮೇಲೆ ನೋಂದಣಿಗೆ 7 ಜನರ ಸಹಿ ಸಾಲುತ್ತಿರಲಿಲ್ಲ. ಆ ಸಂಸ್ಥೆ ಅಥವಾ ಉದ್ಯಮದ ಕಾರ್ಮಿಕರಲ್ಲಿ ಶೇ 10 ಅಥವಾ 100 ಜನ, ಎರಡರಲ್ಲಿ ಯಾವುದು ಕಡಿಮೆಯೋ ಅಷ್ಟು ಸದಸ್ಯರು ಬೇಕಿತ್ತು. ಅಸಂಘಟಿತ ವಲಯದ ಸಂಘದ ಪದಾಧಿಕಾರಿಗಳಲ್ಲಿ ಅರ್ಧದಷ್ಟಾದರೂ ಆ ಕೆಲಸವನ್ನೇ ಮಾಡುವವರಿರಬೇಕಿತ್ತು. ಇವರು ಚೀಲ ಹೊರುವವರಲ್ಲದ್ದರಿಂದ 'ಹೊರಗಿನವರ' ಲೆಕ್ಕಕ್ಕೆ ಬಿದ್ದರು. 10 ಪದಾಧಿಕಾರಿಗಳಲ್ಲಿ ಹೊರಗಿನವರು ಇಬ್ಬರೇ ಇರಲಿ ಎಂದು ನಿಯಮಾವಳಿಯಲ್ಲೇ ಬರೆಸಿದರು. ಕಾನೂನು ಐದು ಜನರಿಗೆ ಅವಕಾಶ ಕೊಡುತ್ತಿತ್ತು.

ಹಮಾಲರ ನಡುವೆ ಅವರ ಮಾತು ನಡೆಯತೊಡಗಿದ್ದು ಚೀಲದ ತೂಕದ ಗಲಾಟೆಯಿಂದ. 100 ಕೆಜಿಯ ಮೆಕ್ಕೆಜೋಳದ ಚೀಲವನ್ನು 50 ಕೆಜಿಗೆ ಇಳಿಸಬೇಕು ಎಂಬ ಬೇಡಿಕೆಗೆ ವರ್ತಕರು ಒಪ್ಪಿದರು. ಎಲ್ಲರೂ ಗೆದ್ದೆವೆಂದು ಹಾರ ತರಿಸಿದರು. ಇವರು ಹಾರ ಬೇಡವೆಂದು ದರ ಕೇಳಿದರು. 100 ಕೆಜಿಗೆ 8 ರೂಪಾಯಿ ಇತ್ತು, 50 ಕೆಜಿಗೆ 4 ಎಂದು ವರ್ತಕರು ಹೇಳಿದರು. ಲೆಕ್ಕಕ್ಕೆ ಸರಿ ಕಾಣುತ್ತದೆ, ಬೆನ್ನಿಗೆ ಸರಿಯಲ್ಲ. ಚೀಲ ಅರ್ಧವಾದರೂ ನಡೆಯುವ ದಾರಿ ಅರ್ಧ ಆಗುವುದಿಲ್ಲ. ಕೈಗಡಿಯಾರ ಹಿಡಿದು ಎರಡು ದಿನ ಅಂಗಳದಲ್ಲಿ ನಿಂತು ಎಣಿಸಿದಾಗ, ದೊಡ್ಡ ಚೀಲ ಎತ್ತಿ, ನಡೆದು, ಸಾಲಿಗೆ ಹಾಕಿ ಹಿಂದಿರುಗಲು ಸರಾಸರಿ 70 ಸೆಕೆಂಡು, ಸಣ್ಣದಕ್ಕೆ 50 ಸೆಕೆಂಡು. ಅಂದರೆ ಸಮಯದ ಲೆಕ್ಕದಲ್ಲಿ ಸಣ್ಣ ಚೀಲಕ್ಕೆ 5 ರೂಪಾಯಿ 70 ಪೈಸೆ ಬರಬೇಕು. ಕೇಳಿದ್ದು 6, ಇತ್ಯರ್ಥವಾದದ್ದು 5.25ಕ್ಕೆ. ಗಂಟೆಯ ಲೆಕ್ಕದಲ್ಲಿ ಹಮಾಲರಿಗೆ ಸ್ವಲ್ಪ ನಷ್ಟವೇ. ಆದರೆ ಬೆನ್ನು ಉಳಿಯುತ್ತದೆ, ದಿನಕ್ಕೆ ಹೆಚ್ಚು ಹೊತ್ತು ದುಡಿಯಬಹುದು ಎಂದು ಸಭೆಯಲ್ಲಿ ಬಿಡಿಸಿ ಹೇಳಿ, ಕೈಯೆತ್ತಿಸಿ ಒಪ್ಪಿಸಿದರು.

ದರದ ಮಾತುಕತೆಯ ಹೊತ್ತನ್ನೂ ಅಳೆದೇ ಆರಿಸಿದ್ದರು. ಮಾರುಕಟ್ಟೆಗೆ ಮೆಕ್ಕೆಜೋಳ ನುಗ್ಗುವ ಮುಂಚೆ, ಗಣೇಶನ ಹಬ್ಬ ಮುಗಿದ ಮೇಲೆ. ಬೇಸಿಗೆಯಲ್ಲಿ ಹಮಾಲರು ಕೆಲಸ ನಿಲ್ಲಿಸಿದರೆ ದಲಾಲಿ ಅಂಗಡಿಯವರಿಗೆ ರಜೆ ಸಿಕ್ಕ ಹಾಗೆ. ಅಂಗಳದಲ್ಲಿ ರಾಶಿ ಬಿದ್ದು, ಮೇಲೆ ಮೋಡ ಕಟ್ಟಿದಾಗ ಒಂದು ದಿನ ಕೈ ಕಟ್ಟಿ ಕೂತರೂ ಸಾಕು. ಇನ್ನೊಂದು ತೊಡಕು: ಇಲ್ಲಿ ಮಾಲೀಕ ಯಾರು? ದಲಾಲರೋ, ಖರೀದಿದಾರರೋ? ಕಾರ್ಮಿಕ ಇಲಾಖೆಗೆ ಹೋದರೆ ಆ ಪ್ರಶ್ನೆಯಲ್ಲೇ ಕಡತ ಕೂರುತ್ತದೆ. ಆದ್ದರಿಂದ ವರ್ತಕರ ಸಂಘದಿಂದ ಸಹಿ ಹಾಕಿಸಿ, ಮಾರುಕಟ್ಟೆ ಸಮಿತಿಯ ಕಾರ್ಯದರ್ಶಿಯ ಎದುರಿಗೆ ದಾಖಲು ಮಾಡಿಸಿದರು.

ಮಂಡಕ್ಕಿ ಭಟ್ಟಿಯಲ್ಲಿ ಇದೇ ಜಾಣತನ ನೆಲಕಚ್ಚಿತು. ಭಟ್ಟಿ ಗಿರಣಿಯಲ್ಲ. ಭತ್ತ ನೆನೆಸುವುದು, ಒಣಗಿಸುವುದು, ಅಕ್ಕಿಗೆ ಉಪ್ಪುನೀರು ಹಿಡಿಸುವುದು, ಕಾದ ಮರಳಿನಲ್ಲಿ ಹುರಿಯುವುದು ಎಲ್ಲವೂ ಒಂದೇ ಓಣಿಯಲ್ಲಿ, ಹಲವು ಕಡೆ ಒಂದೇ ಮನೆಯ ಮಂದಿಯಿಂದ. ಮಾಲೀಕನೂ ಬೆಂಕಿಯ ಮುಂದೆ ಕೂರುವವನೇ. ಒಂದು ಭಟ್ಟಿಯಲ್ಲಿ ಹತ್ತು ಜನ ಇಲ್ಲದಿದ್ದರೆ ಇಎಸ್‌ಐ ಅನ್ವಯಿಸದು. ಸಂಘ ಮುಷ್ಕರದ ನೋಟಿಸು ಕೊಟ್ಟ ವಾರ ಓಣಿಯಲ್ಲಿ ನೀರಿನ ನಲ್ಲಿಯ ಹತ್ತಿರವೇ ಜಗಳ. "ಅಣ್ಣಾ, ನೀವು ಸಂಜೆಗೆ ಹೋಗ್ತೀರಿ, ನಾವು ಇವರ ಗೋಡೆಗೆ ಗೋಡೆ ಹಚ್ಚಿ ಇರಬೇಕು" ಎಂದು ಒಬ್ಬ ಹೆಣ್ಣುಮಗಳು ನೇರವಾಗಿ ಹೇಳಿದ ಮೇಲೆ ನೋಟಿಸು ವಾಪಸು ತೆಗೆದುಕೊಂಡರು.

ಅಲ್ಲಿಂದ ಬೇಡಿಕೆಯ ಮುಖ ತಿರುಗಿತು. ಭಟ್ಟಿಯ ಮಾಲೀಕ ಕೊಡಲಾರದ್ದನ್ನು ಸರ್ಕಾರದಿಂದ ಕೇಳಬೇಕು: ಹೊಗೆ ಕಡಿಮೆಯಾಗುವ ಒಲೆ, ಮನೆ ಹಕ್ಕುಪತ್ರ, ಅಪಘಾತಕ್ಕೆ ಪರಿಹಾರ, ಗುರುತಿನ ಚೀಟಿ. ಮುಂದೆ ರಾಜ್ಯದ ಅಸಂಘಟಿತ ಕಾರ್ಮಿಕರ ಸಾಮಾಜಿಕ ಭದ್ರತಾ ಮಂಡಳಿಯ 'ಅಂಬೇಡ್ಕರ್ ಕಾರ್ಮಿಕ ಸಹಾಯ ಹಸ್ತ' ಯೋಜನೆಯ ಪಟ್ಟಿಯಲ್ಲಿ ಹಮಾಲರ ಜೊತೆ ಭಟ್ಟಿ ಕಾರ್ಮಿಕರ ಹೆಸರೂ ಬಂತು. ಆದರೆ ನೋಟಿಸು ವಾಪಸಾದ ಹೊತ್ತಿಗೆ ಕೇಳಲು ಯಾರ ಬಾಗಿಲಿಗೆ ಹೋಗಬೇಕು ಎಂಬುದೇ ಪ್ರಶ್ನೆ. ಎದುರಿಗೆ ಕೂತು ಸಹಿ ಹಾಕುವ ಮಾಲೀಕ ಇಲ್ಲದ ಕಡೆ ಸಂಘದ ಕೈ ಕಟ್ಟಿಹೋಗುತ್ತದೆ. ಅವರು ಪಕ್ಷ ಸೇರಿದ್ದಕ್ಕೆ ಸಿದ್ಧಾಂತದ ಕಾರಣಗಳನ್ನು ಹುಡುಕುವವರಿದ್ದಾರೆ. ನಲ್ಲಿಯ ಹತ್ತಿರದ ಆ ಜಗಳವೇ ಸಾಕಾದ ಕಾರಣ.

6,400 ರೂಪಾಯಿ

ಪಕ್ಷಕ್ಕೆ ಅವರು ಬೇಕಾಗಿದ್ದರು. ಅವರ ಹಿಂದೆ 640 ಜನ ಇದ್ದರು. ಪಕ್ಷದ ನಿಯಮದಂತೆ ಪ್ರತಿ 20 ಸದಸ್ಯರಿಗೆ ಜಿಲ್ಲಾ ಸಮ್ಮೇಳನಕ್ಕೆ ಒಬ್ಬ ಪ್ರತಿನಿಧಿ. 640 ಅಂದರೆ 32 ಪ್ರತಿನಿಧಿಗಳು. ಚನ್ನಗಿರಿ, ಹೊನ್ನಾಳಿ, ಹರಿಹರ, ಜಗಳೂರು ಎಲ್ಲ ಸೇರಿ ಉಳಿದ ಪ್ರತಿನಿಧಿಗಳು 41. ಇನ್ನೊಂದು ತಾಲ್ಲೂಕು ಒಲಿದರೆ ಜಿಲ್ಲಾ ಕಾರ್ಯದರ್ಶಿ ಸ್ಥಾನ ಕೈಯಲ್ಲಿ. ಸದಸ್ಯತ್ವ ಶುಲ್ಕ ತಲಾ 10 ರೂಪಾಯಿ. ಮನೆಮನೆಗೆ ಹೋಗಿ ವಸೂಲಿ ಮಾಡಲು ಹೊತ್ತಿಲ್ಲ, ಸಮ್ಮೇಳನ ಮೂರು ವಾರ ಇದೆ ಎಂದು ಸಂಘದ ಖಜಾಂಚಿ ಒಂದು ದಾರಿ ಹೇಳಿದರು: ಸಂಘದ ಖಾತೆಯಿಂದ 6,400 ತೆಗೆದು ಒಟ್ಟಿಗೆ ಕಟ್ಟಿಬಿಡೋಣ, ಆಮೇಲೆ ವಂತಿಗೆಯಲ್ಲಿ ಹೊಂದಿಸಿಕೊಳ್ಳೋಣ. ಲೆಕ್ಕದಲ್ಲಿ ಅಷ್ಟು ಖಡಕ್ಕಾದ ಮನುಷ್ಯ ಇದಕ್ಕೆ ತಲೆಯಾಡಿಸಿದರು. ಇಡೀ ಪ್ರಕರಣದಲ್ಲಿ ಅವರು ಮಾಡಿದ ದೊಡ್ಡ ತಪ್ಪು ಇದೇ.

ತಪ್ಪು ಎಲ್ಲಿ? ಕಾರ್ಮಿಕ ಸಂಘಗಳ ಕಾಯ್ದೆಯ 15ನೇ ಕಲಮು ಸಾಮಾನ್ಯ ನಿಧಿಯನ್ನು ಯಾವುದಕ್ಕೆ ಖರ್ಚು ಮಾಡಬಹುದು ಎಂದು ಪಟ್ಟಿ ಕೊಡುತ್ತಿತ್ತು: ಪದಾಧಿಕಾರಿಗಳ ಸಂಬಳ, ಆಡಳಿತ ವೆಚ್ಚ, ಸಂಘದ ಅಥವಾ ಸದಸ್ಯರ ಪರವಾದ ಕೋರ್ಟು ಖರ್ಚು, ಕಾರ್ಮಿಕ ವಿವಾದ ನಡೆಸುವುದು, ಸದಸ್ಯರಿಗೆ ಪರಿಹಾರ ಮುಂತಾದವು. ಪಕ್ಷದ ಸದಸ್ಯತ್ವ ಆ ಪಟ್ಟಿಯಲ್ಲಿರಲಿಲ್ಲ. ರಾಜಕೀಯಕ್ಕೆ ದಾರಿ ಇದ್ದದ್ದು 16ನೇ ಕಲಮಿನಲ್ಲಿ. ಅದಕ್ಕೆ ಬೇರೆಯೇ ನಿಧಿ, ಬೇರೆಯೇ ವಂತಿಗೆ. ಚುನಾವಣೆಯ ಖರ್ಚು, ರಾಜಕೀಯ ಸಭೆ, ಕರಪತ್ರ, ಮತದಾರರ ನೋಂದಣಿ, ಗೆದ್ದವರ ನಿರ್ವಹಣೆ ಇಂಥವಕ್ಕೆ ಅದನ್ನು ಬಳಸಬಹುದಿತ್ತು. ಆದರೆ ಯಾವ ಸದಸ್ಯನನ್ನೂ ಕೊಡು ಎಂದು ಬಲವಂತ ಮಾಡುವಂತಿರಲಿಲ್ಲ. ಕೊಡದವನನ್ನು ಸಂಘದ ಯಾವ ಸೌಲಭ್ಯದಿಂದಲೂ ದೂರ ಇಡುವಂತಿರಲಿಲ್ಲ. ಈ ನಿಧಿಗೆ ಕೊಡುವುದನ್ನು ಸಂಘಕ್ಕೆ ಸೇರಿಸಿಕೊಳ್ಳುವ ಷರತ್ತಾಗಿಸುವಂತಿರಲಿಲ್ಲ. 640 ಜನರಲ್ಲಿ ಬೇರೆ ಪಕ್ಷದ ಬಾವುಟ ಕಟ್ಟುವವರು ಎಷ್ಟೋ ಜನ. ಅವರನ್ನು ಕೇಳದೆ, ಅವರದೇ ವಂತಿಗೆಯಿಂದ, ಅವರನ್ನು ಒಂದು ಪಕ್ಷದ ಸದಸ್ಯರನ್ನಾಗಿ ಮಾಡಿದ ಹಾಗಾಯಿತು.

ದೂರು ಹೋಗಲು ಹತ್ತು ದಿನ ಸಾಕಾಯಿತು, ಕಾರ್ಮಿಕ ಸಂಘಗಳ ನೋಂದಣಾಧಿಕಾರಿಗೂ, ಪಕ್ಷದ ರಾಜ್ಯ ಕಚೇರಿಗೂ. ದೂರು ಕೊಟ್ಟದ್ದು ಎದುರಾಳಿ ಬಣ ಎಂದು ಬೆಂಬಲಿಗರು ಕೂಗಾಡಿದರು. ಕಾರ್ಯದರ್ಶಿಯ ಮುಂದೆ ಮೂರು ದಾರಿ ಇದ್ದವು. ಠರಾವು ಹಿಂದಿನ ತಾರೀಖಿಗೆ ಬರೆದು ಸಾಲವೆಂದು ತೋರಿಸುವುದು, ಖಜಾಂಚಿಯ ತಲೆಗೆ ಕಟ್ಟುವುದು, ಅಥವಾ ಒಪ್ಪಿಕೊಳ್ಳುವುದು. ಮೊದಲನೆಯದನ್ನು ಒಬ್ಬ ವಕೀಲರೇ ಸೂಚಿಸಿದರಂತೆ. ಅವರು ಮೂರನೆಯದನ್ನು ಆರಿಸಿಕೊಂಡರು, ಅದೂ ಬರೀ ಬಾಯಿಮಾತಿನಲ್ಲಲ್ಲ. 6,400ನ್ನು ಸ್ವಂತ ಸಾಲ ಮಾಡಿ ಸಂಘದ ಖಾತೆಗೆ ವಾಪಸು ಕಟ್ಟಿದರು, ಬ್ಯಾಂಕಿನ ಚಲನ್ ಅಂಟಿಸಿ ನೋಂದಣಾಧಿಕಾರಿಗೆ ಉತ್ತರ ಬರೆದರು, ತುರ್ತು ಸರ್ವಸದಸ್ಯರ ಸಭೆ ಕರೆದು ನಡಾವಳಿಯಲ್ಲಿ ತಪ್ಪು ತಮ್ಮದೆಂದು ದಾಖಲಿಸಿದರು. ಪಕ್ಷಕ್ಕೆ ಬರೆದ ಪತ್ರದಲ್ಲಿ 640 ಸದಸ್ಯತ್ವವನ್ನೂ ರದ್ದು ಮಾಡಿ ಎಂದು ತಾವೇ ಕೇಳಿದರು.

32 ಪ್ರತಿನಿಧಿಗಳು ಇಲ್ಲವಾದರು. ಜಿಲ್ಲಾ ಸಮ್ಮೇಳನದಲ್ಲಿ ಅವರು ಸೋತರು, ಸೋಲಲೇಬೇಕಿತ್ತು.

ಆಮೇಲೆ ಬಂದದ್ದು ಎರಡನೇ ರಸೀದಿ ಪುಸ್ತಕ. ಸಂಘದ ವಂತಿಗೆಗೆ ಬಿಳಿ, ರಾಜಕೀಯ ನಿಧಿಗೆ ಹಳದಿ. ಹಳದಿ ರಸೀದಿಯ ಮೇಲೆ ದೊಡ್ಡ ಅಕ್ಷರದಲ್ಲಿ ಒಂದು ಸಾಲು ಅಚ್ಚು ಹಾಕಿಸಿದ್ದರು: 'ಇದು ಕಡ್ಡಾಯ ಅಲ್ಲ.' ಬಿಳಿ ಪುಸ್ತಕ ಹಿಡಿದವರು ಹಳದಿ ಪುಸ್ತಕ ಹಿಡಿಯುವಂತಿಲ್ಲ. ಎರಡನ್ನೂ ಒಂದೇ ದಿನ ವಸೂಲಿ ಮಾಡುವಂತಿಲ್ಲ, ಏಕೆಂದರೆ ಒಂದೇ ದಿನ ಕೇಳಿದರೆ ಬಡವನಿಗೆ ಇದು ಬೇಡ ಅದು ತಗೊಳ್ಳಿ ಎನ್ನುವ ಧೈರ್ಯ ಬರುವುದಿಲ್ಲ. ಬ್ಯಾಂಕಿನಲ್ಲೂ ಎರಡು ಖಾತೆ. ಒಂದು ವರ್ಷದ ನಂತರ ಹಳದಿ ಪುಸ್ತಕದಲ್ಲಿ 212 ಹೆಸರು. ತಾವಾಗಿ 10 ರೂಪಾಯಿ ಕೊಟ್ಟು ಪಕ್ಷ ಸೇರಿದವರೂ ಹೆಚ್ಚುಕಡಿಮೆ ಅವರೇ.

640ರ ಜಾಗದಲ್ಲಿ 212 ಎಂದರೆ ಸೋಲಿನ ಸಂಖ್ಯೆಯ ಹಾಗೆ ಕಾಣುತ್ತದೆ. ಆದರೆ ಆ ಪಕ್ಷದಲ್ಲಿ ಹೆಸರು ಓದಿದರೆ ಎದ್ದು ನಿಲ್ಲುವ ಸದಸ್ಯರ ಪಟ್ಟಿ ಇದ್ದದ್ದು ಅವರೊಬ್ಬರ ಬಳಿ ಮಾತ್ರ. ಉಳಿದ ತಾಲ್ಲೂಕುಗಳ ಪಟ್ಟಿಯಲ್ಲಿ ತೀರಿಕೊಂಡವರೂ ಇದ್ದರು. ಮುಂದಿನ ಸಮ್ಮೇಳನಕ್ಕೆ ಮುಂಚೆ ಪ್ರತಿಯೊಂದು ತಾಲ್ಲೂಕಿನ ಸದಸ್ಯತ್ವವನ್ನೂ ಇದೇ ರೀತಿ ಪರಿಶೀಲಿಸಬೇಕು ಎಂದು ಅವರು ತಂದ ಠರಾವನ್ನು ವಿರೋಧಿಸಲು ಯಾರಿಗೂ ಬಾಯಿ ಬರಲಿಲ್ಲ. ಆ ಠರಾವು ತರುವ ಹಕ್ಕು ಅವರಿಗೆ ಬಂದದ್ದು ತಮ್ಮ 640ನ್ನು ತಾವೇ ಹೊಡೆದುಹಾಕಿದ್ದರಿಂದ. ಪರಿಶೀಲನೆಯ ನಂತರದ ಸಮ್ಮೇಳನದಲ್ಲಿ ಅವರು ಜಿಲ್ಲಾ ಕಾರ್ಯದರ್ಶಿಯಾದರು.

ಠೇವಣಿ ಹೋದ ಚುನಾವಣೆ

2008ರ ಹೊತ್ತಿಗೆ ಕ್ಷೇತ್ರ ಮರುವಿಂಗಡಣೆಯಾಗಿ ದಾವಣಗೆರೆ ಉತ್ತರ, ದಕ್ಷಿಣ ಎಂದು ಎರಡಾಗಿತ್ತು. ಪಕ್ಷ ಅವರನ್ನು ನಿಲ್ಲಿಸಿತು. ನೋಂದಾಯಿತ ಆದರೆ ಮಾನ್ಯತೆ ಇಲ್ಲದ ಪಕ್ಷದ ಅಭ್ಯರ್ಥಿಗೆ ಕ್ಷೇತ್ರದ 10 ಮತದಾರರು ಸೂಚಕರಾಗಬೇಕು. ಆ ಹತ್ತು ಸಹಿ ಸುಲಭವಾಗಿ ಸಿಕ್ಕವು. ಚಲಾವಣೆಯಾದ ಸಿಂಧು ಮತದಲ್ಲಿ ಆರನೇ ಒಂದು ಭಾಗಕ್ಕಿಂತ ಹೆಚ್ಚು ಬಾರದಿದ್ದರೆ ಠೇವಣಿ ಹೋಗುತ್ತದೆ. ಹೋಯಿತು.

ಸೋತ ಮೇಲಿನ ಕೆಲಸ ಹೇಳುವಂಥದ್ದು. ಚುನಾವಣಾಧಿಕಾರಿ ಮತಗಟ್ಟೆವಾರು ಮತಗಳನ್ನು ತೋರಿಸುವ ಫಾರಂ 20 ಸಿದ್ಧಪಡಿಸುತ್ತಾರೆ. ಅದರ ನಕಲು ತಂದು, ಪಕ್ಕದಲ್ಲಿ ಸಂಘದ ಸದಸ್ಯರ ವಿಳಾಸದ ಪಟ್ಟಿ ಇಟ್ಟು, ಒಂದೊಂದೇ ಮತಗಟ್ಟೆಗೆ ಗೆರೆ ಎಳೆದರು. ಹಮಾಲರು ದಟ್ಟವಾಗಿರುವ ಮತಗಟ್ಟೆಗಳಲ್ಲಿ ಅವರಿಗೆ ಬಂದ ಮತ ಅಲ್ಲಿನ ಸಂಘದ ಸದಸ್ಯರ ಸಂಖ್ಯೆಗಿಂತಲೂ ಕಡಿಮೆ. ದರ ಏರಿಸಿಕೊಟ್ಟ ಮನುಷ್ಯನಿಗೆ ದರ ಏರಿಸಿಕೊಂಡವರೇ ಮತ ಹಾಕಿರಲಿಲ್ಲ. ಭಟ್ಟಿಯ ಓಣಿಗಳಲ್ಲಿ, ಮುಷ್ಕರದಲ್ಲಿ ಮುಗ್ಗರಿಸಿದ ಕಡೆ, ಸದಸ್ಯರಿಗಿಂತ ಹೆಚ್ಚು ಮತ.

ಕಾರಣ ಕೇಳುತ್ತ ಹೋದಾಗ ಸಿಕ್ಕ ಉತ್ತರ ಸರಳ. ಹಮಾಲ ಅಂಗಳದಲ್ಲಿ ಹಮಾಲ. ಸಂಜೆ ಮನೆಗೆ ಹೋದರೆ ಅವನು ತನ್ನ ಜಾತಿಯ ಕೇರಿಯವನು, ತನ್ನ ಮಠದ ಭಕ್ತ, ತನ್ನ ವಾರ್ಡಿನ ಸದಸ್ಯನಿಗೆ ಋಣಿ. ಸಂಘ ಅವನನ್ನು ಸಂಧಿಸುತ್ತಿದ್ದುದು ಬೆಳಗ್ಗೆ ಎಂಟರಿಂದ ಸಂಜೆ ಆರರವರೆಗೆ. ಮತ ತೀರ್ಮಾನ ಆಗುತ್ತಿದ್ದುದು ರಾತ್ರಿ ಎಂಟರ ಮೇಲೆ. ಭಟ್ಟಿಯಲ್ಲಿ ಕೆಲಸದ ಜಾಗವೂ ಮನೆಯೂ ಒಂದೇ ಓಣಿ. ಅಲ್ಲಿ ಸಂಘ ಹಕ್ಕುಪತ್ರಕ್ಕೆ, ಆಸ್ಪತ್ರೆಗೆ, ಶಾಲೆಗೆ ಓಡಾಡಿತ್ತು. ಹೆಂಗಸರು ಮತಗಟ್ಟೆಗೆ ಒಟ್ಟಾಗಿ ಹೋಗಿದ್ದರು. ಕಾರ್ಮಿಕ ನಾಯಕರು ರಾಜಕೀಯಕ್ಕೆ ಬಂದಾಗ ಮೇಲಿಂದ ಮೇಲೆ ಎಡವುವುದು ಇಲ್ಲಿಯೇ: ಮೆರವಣಿಗೆಯ ತಲೆ ಎಣಿಸಿ ಮತ ಅಂದಾಜು ಮಾಡುವುದು. ಗೆದ್ದ ಉದಾಹರಣೆಗಳೂ ಇವೆ. ಮಂಗಳೂರಿನಲ್ಲಿ ಹುಟ್ಟಿ ಮುಂಬಯಿಯಲ್ಲಿ ಸಂಘ ಕಟ್ಟಿದ ಜಾರ್ಜ್ ಫರ್ನಾಂಡಿಸ್ 1967ರಲ್ಲಿ ದಕ್ಷಿಣ ಮುಂಬಯಿಯಲ್ಲಿ ಕಾಂಗ್ರೆಸ್ಸಿನ ಘಟಾನುಘಟಿ ಎಸ್.ಕೆ. ಪಾಟೀಲರನ್ನೇ ಸೋಲಿಸಿದರು. ಆ ಗೆಲುವನ್ನು ನೋಡಿ ಹುರುಪುಗೊಂಡವರು ಎಷ್ಟೋ ಜನ, ಹುರುಪಿನಲ್ಲಿ ಠೇವಣಿ ಕಳೆದುಕೊಂಡವರೂ ಕಡಿಮೆಯಿಲ್ಲ.

ಕಾರ್ಯದರ್ಶಿ ಮತ್ತೆ ಚುನಾವಣೆಗೆ ನಿಲ್ಲಲಿಲ್ಲ. ಇತರರನ್ನು ನಿಲ್ಲಿಸಿದರು, ವಾರ್ಡಿನ ಮಟ್ಟದಲ್ಲಿ, ಓಣಿಯವರನ್ನೇ.

ರಾಜ್ಯ ಸಮಿತಿ, ಒಂದು ಷರತ್ತು

ರಾಜ್ಯಾಧ್ಯಕ್ಷ ಸ್ಥಾನ ಅವರಿಗೆ ಬಂದ ಬಗೆ ವೀರಗಾಥೆಯಲ್ಲ. ಪಕ್ಷದಲ್ಲಿ ಎರಡು ಬಣ, ಎರಡರಲ್ಲೂ ದೊಡ್ಡ ಮಾತುಗಾರರು. ಒಬ್ಬರು ಗೆದ್ದರೆ ಇನ್ನೊಬ್ಬರು ಪಕ್ಷ ಒಡೆಯುವುದು ಖಚಿತ. ಸಮಾಜವಾದಿಗಳ ಚರಿತ್ರೆ ಬಲ್ಲವರಿಗೆ ಇದು ಹೊಸದಲ್ಲ. 1952ರಲ್ಲಿ ಎರಡು ಪಕ್ಷ ಸೇರಿ ಪ್ರಜಾ ಸೋಷಲಿಸ್ಟ್ ಪಕ್ಷವಾಯಿತು, 1955ರಲ್ಲಿ ಅದರ ನಾಯಕ ರಾಮಮನೋಹರ ಲೋಹಿಯಾ ಹೊರನಡೆದರು, 1964ರಲ್ಲಿ ಸಂಯುಕ್ತ ಸೋಷಲಿಸ್ಟ್ ಪಕ್ಷ ಬಂತು, 1977ರಲ್ಲಿ ಎಲ್ಲ ಜನತಾ ಪಕ್ಷದಲ್ಲಿ ಕರಗಿತು. ಒಡೆಯುವುದು ಆ ಮನೆತನದ ಚಾಳಿ. ಇನ್ನೊಂದೆಡೆ ಚುನಾವಣಾ ಆಯೋಗದ ಕಾಗದಪತ್ರ ಹಿಂದೆ ಬಿದ್ದಿತ್ತು. 1951ರ ಜನಪ್ರಾತಿನಿಧ್ಯ ಕಾಯ್ದೆಯ 29-ಎ ಕಲಮಿನಡಿ ನೋಂದಣಿಯಾದ ಪಕ್ಷ ತನ್ನ ಪದಾಧಿಕಾರಿಗಳು, ಕಚೇರಿ ವಿಳಾಸ ಬದಲಾದರೆ ತಡಮಾಡದೆ ಆಯೋಗಕ್ಕೆ ತಿಳಿಸಬೇಕು. 20,000 ರೂಪಾಯಿ ಮೀರಿದ ದೇಣಿಗೆಗಳ ವರದಿಯನ್ನು 24-ಎ ನಮೂನೆಯಲ್ಲಿ ಕೊಡಬೇಕು. ತಮಾಷೆಯೆಂದರೆ ಇದೇ 29-ಎ ಕಲಮು, ನೋಂದಣಿ ಬಯಸುವ ಯಾವುದೇ ಪಕ್ಷ ಸಮಾಜವಾದಕ್ಕೆ ನಿಷ್ಠೆ ಇದೆಯೆಂದು ತನ್ನ ನಿಯಮಾವಳಿಯಲ್ಲಿ ಬರೆದುಕೊಳ್ಳಬೇಕು ಎನ್ನುತ್ತದೆ. ಕಾಗದದ ಮೇಲೆ ಎಲ್ಲರೂ ಸಮಾಜವಾದಿಗಳೇ.

ಎರಡೂ ಬಣ ಒಪ್ಪಿದ ಒಂದೇ ಹೆಸರು 'ಗುಮಾಸ್ತ'ನದು. ಶಾಸಕನಾಗುವ ಆಸೆ ಇಲ್ಲ, ಲೆಕ್ಕ ಗೊತ್ತು, ಯಾರ ಗುಂಪೂ ಅಲ್ಲ. ಇಷ್ಟೇ ಅರ್ಹತೆ. ಎರಡು ವರ್ಷ ಕಳೆದು ತಮ್ಮವರನ್ನು ತರಬಹುದು ಎಂಬುದು ಎರಡೂ ಬಣದ ಲೆಕ್ಕಾಚಾರವಾಗಿತ್ತು.

ಅವರು ಒಂದು ಷರತ್ತು ಹಾಕಿದರು, ಅದೂ ತಮಗೆ ತಾವೇ. ಸಂಘದ ಪ್ರಧಾನ ಕಾರ್ಯದರ್ಶಿ ಸ್ಥಾನ ಬಿಡುತ್ತೇನೆ. ಬೆಂಬಲಿಗರು ಬೇಡವೆಂದರು. "ಅಣ್ಣಾರೆ, ಸಂಘ ಬಿಟ್ರೆ ನಿಮ್ಮನ್ನ ಬೆಂಗಳೂರಾಗ ಯಾರು ಕೇಳ್ತಾರೆ?" ಮಾತಿನಲ್ಲಿ ಹುರುಳಿಲ್ಲದಿಲ್ಲ. ಆದರೆ ಎರಡು ಟೋಪಿಯ ಕಷ್ಟ ಅವರಿಗೆ ಗೊತ್ತಿತ್ತು. 1974ರ ಮೇ ತಿಂಗಳ ರೈಲ್ವೆ ಮುಷ್ಕರದ ಹೊತ್ತಿಗೆ ಜಾರ್ಜ್ ಫರ್ನಾಂಡಿಸ್ ರೈಲ್ವೆ ನೌಕರರ ಫೆಡರೇಷನ್ನಿಗೂ ಅಧ್ಯಕ್ಷರು, ಸೋಷಲಿಸ್ಟ್ ಪಕ್ಷಕ್ಕೂ ಅಧ್ಯಕ್ಷರು. ಬೋನಸ್ಸು, ಕೆಲಸದ ಗಂಟೆಯ ಬೇಡಿಕೆಗಳನ್ನು ರಾಜಕೀಯ ಪಿತೂರಿ ಎಂದು ಬಣ್ಣಿಸಲು ಸರ್ಕಾರಕ್ಕೆ ಅದು ಅನುಕೂಲವಾಯಿತು. ಅಷ್ಟು ದೊಡ್ಡ ಮಟ್ಟದಲ್ಲಿ ಅಲ್ಲದಿದ್ದರೂ, ಪಾಲಿಕೆಯಲ್ಲಿ ಪಕ್ಷದ ಮೈತ್ರಿ ಒಂದು ಕಡೆ, ಎಪಿಎಂಸಿಯಲ್ಲಿ ಅದೇ ಮೈತ್ರಿಯವರ ಎದುರು ದರದ ಜಗಳ ಇನ್ನೊಂದು ಕಡೆ ಬಂದರೆ, ಒಬ್ಬನೇ ಮನುಷ್ಯ ಎರಡೂ ಕುರ್ಚಿಯಲ್ಲಿ ಕೂತಿರಲಾರ.

ಅದು ಬಂದೇ ಬಂತು, ಏಳನೇ ತಿಂಗಳಿಗೆ. ಮೈತ್ರಿ ಪಕ್ಷದವರೇ ಮುಂದಾಳಾಗಿದ್ದ ವರ್ತಕರ ಗುಂಪು ದರ ಪರಿಷ್ಕರಣೆಯನ್ನು ಮುಂದೂಡಿತು. ಸಂಘ ಅಂಗಳದಲ್ಲಿ ಕೆಲಸ ನಿಲ್ಲಿಸಿತು. ಸಂಘದ ಹೊಸ ಕಾರ್ಯದರ್ಶಿ ಭಟ್ಟಿ ಓಣಿಯ ಅದೇ ಹೆಣ್ಣುಮಗಳು, ನಲ್ಲಿಯ ಹತ್ತಿರ ನೇರವಾಗಿ ಮಾತಾಡಿದವಳು. ಪಕ್ಷದ ಅಧ್ಯಕ್ಷರು ಹಮಾಲರ ಸಭೆಗೆ ಬಂದು 'ಸಮಾಧಾನ' ಹೇಳಬೇಕು ಎಂದು ಮೈತ್ರಿಯವರು ಒತ್ತಡ ಹಾಕಿದರು. ಅವರು ಹೋಗಲಿಲ್ಲ. ಸಂಘಕ್ಕೆ ಪರವಾಗಿ ಹೇಳಿಕೆ ಕೊಡಿ ಎಂದು ಹಮಾಲರು ಕೇಳಿದರು, ಅದನ್ನೂ ಕೊಡಲಿಲ್ಲ. ಎರಡೂ ಕಡೆಯವರ ಸಿಟ್ಟಿಗೆ ಗುರಿಯಾದರು. ಕೆಲಸ ನಿಂತು ಮೂರನೇ ದಿನ ದರ ಏರಿತು, ಯಾವ ಪಕ್ಷದ ಹೆಸರೂ ಇಲ್ಲದ ಒಪ್ಪಂದಕ್ಕೆ ಸಹಿ ಬಿತ್ತು.

ಬೆಲೆ ತೆತ್ತದ್ದು ಪಕ್ಷ. ಸಂಘದ ಕಟ್ಟಡದಲ್ಲಿ ಪುಕ್ಕಟೆಯಾಗಿ ನಡೆಯುತ್ತಿದ್ದ ಜಿಲ್ಲಾ ಕಚೇರಿಯನ್ನು ಹೊಸ ಕಾರ್ಯದರ್ಶಿ ಖಾಲಿ ಮಾಡಿಸಿದರು. ಸಂಘದ ಆಸ್ತಿಯಲ್ಲಿ ಪಕ್ಷಕ್ಕೆ ಜಾಗ ಕೊಡುವುದೂ ಸಾಮಾನ್ಯ ನಿಧಿಯ ಖರ್ಚೇ ಎಂದು ಅವರ ವಾದ. ಹಳೆಯ ಕಾರ್ಯದರ್ಶಿಯೇ ಕಲಿಸಿದ ವಾದ, ಉತ್ತರ ಕೊಡುವಂತಿರಲಿಲ್ಲ. ಪಕ್ಷ ಒಂದು ಸಣ್ಣ ಬಾಡಿಗೆ ಕೋಣೆಗೆ ಹೋಯಿತು. ಮೈತ್ರಿಯೂ ಮುರಿಯಿತು, ಪಾಲಿಕೆಯಲ್ಲಿದ್ದ ಇಬ್ಬರು ಸದಸ್ಯರಲ್ಲಿ ಒಬ್ಬರು ಆ ಕಡೆಗೆ ಹೋದರು. ಎರಡು ವರ್ಷಕ್ಕೆ ಇಳಿಸುತ್ತೇವೆ ಎಂದಿದ್ದ ಬಣಗಳು ಮಾತ್ರ ಇಳಿಸಲಿಲ್ಲ. ಆಯೋಗದ ಕಾಗದಪತ್ರ ಸರಿಯಾಗಿತ್ತು, ಸದಸ್ಯತ್ವದ ಪಟ್ಟಿಯನ್ನು ಯಾರೂ ತಿದ್ದುವಂತಿರಲಿಲ್ಲ, ಆ ಪಟ್ಟಿಯಲ್ಲಿ ಎರಡೂ ಬಣಗಳಿಗೆ ಬಹುಮತವಿಲ್ಲ ಎಂಬುದು ಬೆಳಕಿನಷ್ಟು ಸ್ಪಷ್ಟವಾಗಿತ್ತು.

2025ರ ನವೆಂಬರ್ 21ರಿಂದ ಕೈಗಾರಿಕಾ ಸಂಬಂಧಗಳ ಸಂಹಿತೆ ಜಾರಿಗೆ ಬಂದು 1926ರ ಮತ್ತು 1947ರ ಕಾಯ್ದೆಗಳ ಜಾಗ ತೆಗೆದುಕೊಂಡಿದೆ. ಒಂದಕ್ಕಿಂತ ಹೆಚ್ಚು ಸಂಘವಿರುವ ಸಂಸ್ಥೆಯಲ್ಲಿ ಶೇ 51 ಕಾರ್ಮಿಕರ ಬೆಂಬಲ ತೋರಿಸಿದ ಸಂಘಕ್ಕೆ ಮಾತುಕತೆಯ ಹಕ್ಕು, ಎಲ್ಲ ಕೈಗಾರಿಕಾ ಸಂಸ್ಥೆಗಳಲ್ಲೂ ಮುಷ್ಕರಕ್ಕೆ 14 ದಿನದ ನೋಟಿಸು ಎಂಬವು ಹೊಸ ಷರತ್ತುಗಳು. ರಾಜಕೀಯ ಕೆಲಸಕ್ಕೆ ಪ್ರತ್ಯೇಕ ನಿಧಿ ಎಂಬ ನಿಯಮ ಅಲ್ಲೂ ಉಳಿದಿದೆ. ಎರಡು ಬಣ್ಣದ ರಸೀದಿ ಪುಸ್ತಕ ಈಗಲೂ ನಡೆಯುತ್ತಿದೆ. ಕಳೆದ ಸಲದ ವಸೂಲಿಯಲ್ಲಿ ಹಳದಿ ಪುಸ್ತಕದಲ್ಲಿ 174 ಹೆಸರು, 212ರಿಂದ ಇಳಿಕೆ. ಸಂಘದ ಹೊಸ ಕಾರ್ಯದರ್ಶಿಯ ಹೆಸರು ಆ 174ರಲ್ಲಿ ಇಲ್ಲ. ಅವರು ಕೊಡುವುದು ಬಿಳಿ ರಸೀದಿಗೆ ಮಾತ್ರ, ಪ್ರತಿ ತಿಂಗಳು ಒಂದನೇ ತಾರೀಖಿಗೆ.